ಕೆಳಮನೆಯಿಂದ ಬಂದವಳು

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಕಾಮಗೆರೆಯಲ್ಲಿ, ಬಸ್ಸಿನ ಇಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದಾಗ. ಕಂಡಕ್ಟರು ಕೊಳ್ಳೇಗಾಲದವನು. ಅವರ ಎಲಿಮೆಂಟರಿ ಸ್ಕೂಲಿನಲ್ಲಿ ಅಕ್ಷರ ಕಲಿತವನು.

“ಸಾ, ನಿಮ್ಮ ಪಕ್ಕದ್ಮನೆ ಟೀಚರಮ್ಮ ಓಗ್ಬುಟ್ರಂತಲ್ಲ,” ಅಂದ. ಆಮೇಲೆ ತಲೆ ಓರೆ ಮಾಡಿ ಎಡಗಿವಿ ತೋರಿಸಿದ. “ಇನ್ನೂವೆ ಉರೀತದೆ ನೋಡಿ. ಒಂದೇ ಸಲ ಇಂಡಿದ್ದು.”

ಬಸ್ಸಿನಲ್ಲಿದ್ದವರು ನಕ್ಕರು. ಹಿಂದಿನ ಸೀಟಿನಿಂದ ಯಾರೋ, “ಆದ್ರೂ ಒಳ್ಳೇವ್ರು ಬುಡಿ, ಪಾಪ,” ಅಂದರು.

ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಮನುಷ್ಯ ಸತ್ತ ಮರುಗಳಿಗೆಯಲ್ಲೇ ಅವನನ್ನು ತೊಳೆದು ವಿಭೂತಿ ಬಳಿಯುವಂತೆ ಅವನ ಗುಣವನ್ನೂ ತೊಳೆದುಬಿಡುತ್ತಾರೆ. ನಾನು ಅವರ ಪಕ್ಕದ ಮನೆಯಲ್ಲಿ, ಒಂದೇ ಗೋಡೆಯ ಈಚೆ, ಹಲವು ವರ್ಷ ಇದ್ದೆ. ಅವರು ಒಳ್ಳೆಯವರಾಗಿರಲಿಲ್ಲ. ಒಳ್ಳೆಯವರಾಗಲು ಅವರಿಗೆ ಪುರಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಯಾರಿಗಾದರೂ ಚುಚ್ಚುವ ಮೊದಲು ಅವರು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು, ತುಂಬಿದ ಕೊಡ ಎತ್ತಲು ಬಗ್ಗುವವರ ಹಾಗೆ. ಆ ಸೆರಗು ಸುತ್ತುವುದು ಕಂಡರೆ ಬೀದಿಯ ಹೆಂಗಸರು ಮಾತು ಮುಗಿಸಿ ಏಳುತ್ತಿದ್ದರು. ಗಂಡ ಸತ್ಯಮಂಗಲದ ಕಡೆ ಇನ್ನೊಂದು ಸಂಸಾರ ಹೂಡಿದ್ದ. ಅವನ ವಿಷಯ ಯಾರಾದರೂ ಎತ್ತಿದರೆ ಹಣೆಯ ಕುಂಕುಮ ತೋರಿಸಿ, “ಅವ ಕೊಟ್ಟ ಆಸ್ತಿ ಇದೊಂದೇಯ. ಅವ ಸಾಯೋಗಂಟ ನನ್ನದು,” ಅನ್ನುತ್ತಿದ್ದರು. ತರಗತಿಯಲ್ಲಿ ತಾಯಿ ಸತ್ತ ಒಂದು ಮಗು ಎರಡು ದಿನದಿಂದ ಅಳುತ್ತಿತ್ತಂತೆ. ಅದನ್ನು ಬೆಂಚಿನ ಮೇಲೆ ನಿಲ್ಲಿಸಿ, “ಅಳು. ಜೋರಾಗಿ ಅಳು. ಅವ್ವ ಎದ್ದು ಬಂದರೆ ನನಗೂ ಹೇಳು,” ಅಂದರಂತೆ. ಮಗು ಅಳು ನಿಲ್ಲಿಸಿತು. ಅದನ್ನು ಅವರ ಬುದ್ಧಿವಂತಿಕೆಯೆಂದು ಹೊಗಳುವವರು ಇದ್ದಾರೆ. ನಾನು ಆ ಮಗುವನ್ನು ಆಮೇಲೆ ನೋಡಿದ್ದೇನೆ. ಅದು ಮಾತಾಡುವುದನ್ನೂ ಕಡಿಮೆ ಮಾಡಿತ್ತು.

ಅವರಿಗೆ ಒಬ್ಬಳೇ ಮಗಳು, ನೀಲ. ನಾನು ಕೊಳ್ಳೇಗಾಲದ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟರಾಗಿ ಬರುವ ಹೊತ್ತಿಗೆ ಅವಳನ್ನು ಹೊನ್ನೂರಿಗೆ ಕೊಟ್ಟಾಗಿತ್ತು. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಊರು. ಹೊನ್ನೂರು ಯಳಂದೂರು ತಾಲ್ಲೂಕು, ಮೈಸೂರು ಸಂಸ್ಥಾನದ್ದು. ಗಾಡಿ ಕಟ್ಟಿದರೆ ಒಂದು ಹೊತ್ತಿನ ದಾರಿ. ಆದರೂ ಹೆಣ್ಣು ಕೊಟ್ಟವರಿಗೆ ಅದು ಬೇರೆ ಸೀಮೆ. ಬತ್ತ, ಕಬ್ಬು, ತೆಂಗು ತುಂಬಿದ ಮನೆ, ಅತ್ತೆಯದೇ ಯಜಮಾನಿಕೆ, ಮಗ ಅವಳ ಎದುರು ಬಾಯಿ ತೆರೆಯದವನು.

ನೀಲ ಬಸುರಾದಳು. ಚೊಚ್ಚಲ ಬಾಣಂತನ ತವರಿನದು, ಅದರಲ್ಲಿ ಎರಡು ಮಾತಿಲ್ಲ. ಕರೆಯಲು ಹೋದರೆ ಬೀಗಿತ್ತಿ, “ನಾಟಿ ಮುಗೀಲಿ,” ಅಂದಳು. ನಾಟಿ ಮುಗಿದ ಮೇಲೆ ಹೋದರೆ, “ಕಬ್ಬಿನ ಆಲೆ ಆಡ್ತಾ ಅದೆ, ಆಳಿಗೆ ಅಟ್ಟಿಕ್ಕೋರು ಯಾರು?” ಅಂದಳು. ಟೀಚರಮ್ಮ ಎರಡು ಸಲವೂ ಒಬ್ಬರೇ ವಾಪಸು ಬಂದರು. ನೀಲ ಅಲ್ಲೇ ಹೆರಿಗೆಗೆ ಕೂತಳು. ಕೂಸೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ಸುದ್ದಿ ಕೊಳ್ಳೇಗಾಲಕ್ಕೆ ಬಂದು ಇವರು ಅಲ್ಲಿಗೆ ತಲುಪುವಷ್ಟರಲ್ಲಿ ಮಣ್ಣು ಮಾಡಿ, ಮೇಲೆ ನೀರು ಚಿಮುಕಿಸಿ, ಎಲ್ಲರೂ ಸ್ನಾನಕ್ಕೆ ಹೋಗಿದ್ದರು.

ನಮ್ಮ ಕಡೆ ಲಿಂಗವಂತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗುಣಿಯ ಒಳಗೆ ಗೂಡು ತೋಡಿ ಕೂರಿಸುತ್ತಾರೆ. ಇದು ಅವರಿಗೆ ಬಹಳ ಬಾಧಿಸಿದ ಸಂಗತಿ. “ಮಲಗಿಸಿದ್ರೆ ಮಲಗವ್ಳೆ ಅನ್ಕೋಬೌದು ಮೇಷ್ಟ್ರೇ. ಕೂರ್ಸವ್ರೆ. ಕುಂತವಳು ಯಾರ್ಗೋ ಕಾಯ್ತಾ ಅವ್ಳೆ ಅಂತ್ಲೇ ಅಲ್ವಾ ಅರ್ತ?” ಎಂದು ಒಮ್ಮೆ ಕೇಳಿದರು. ನನ್ನ ಉತ್ತರಕ್ಕೆ ಕಾಯಲಿಲ್ಲ. ಸಮಾಧಾನ ಹೇಳಲು ಬಂದ ಹೆಂಗಸರಿಗೆ ಅವರು ಹೇಳಿದ್ದು ಬೀದಿಗೆಲ್ಲ ಗೊತ್ತು: “ನಿಮ್ಮ ಮಗಳು ಸತ್ತಾಗ ನಾನೂ ಬಂದು ಇಂಗೇ ಸಮಾಧಾನ ಏಳ್ತೀನಿ. ಈಗ ಎದ್ದೋಗಿ.”

ಪದ್ಯ ಅವರು ಮೊದಲಿನಿಂದ ಬರೆಯುತ್ತಿದ್ದರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ಮೂರು ಸಾಲಿನ ಮಟ್ಟು ಅವರ ಬಾಯಲ್ಲಿ ಸದಾ ಇರುತ್ತಿತ್ತು. ನಾನೂ ಬರೆಯುತ್ತಿದ್ದೆ. ಮಟ್ಟು ಮುರಿಯಬೇಕು, ಪ್ರಾಸ ಬಿಡಬೇಕು, ಲಯ ಉಸಿರಿನ ಹಾಗೆ ಏರಿಳಿಯಬೇಕು ಎಂದು ವಾದಿಸುತ್ತಿದ್ದೆ. ಅವರು ನನ್ನ ಪದ್ಯ ಕೇಳಿ, “ಚಕ್ರ ಕಳಚಿದ ಗಾಡಿ. ಎಲ್ಲಿಗೆ ಓಯ್ತದೆ?” ಅಂದಿದ್ದರು.

ಒಂದು ಸಂಜೆ ಜಗಲಿಯಲ್ಲಿ ಕೂತು, “ನಿಮ್ಮ ಇಂಗ್ಲಿಷ್ ಪುಸ್ತಕದಾಗೆ ಮಗಳನ್ನ ಕಳ್ಕಂಡ ತಾಯಿ ಕತೆ ಏನಾರ ಅದಾ?” ಎಂದರು. ನಾನು ಗ್ರೀಕರ ಕತೆ ಹೇಳಿದೆ. ಪೈರಿನ ದೇವತೆಯೊಬ್ಬಳು, ಅವಳ ಮಗಳು ಹೂ ಬಿಡಿಸುವಾಗ ನೆಲ ಬಾಯಿ ಬಿಟ್ಟು ಪಾತಾಳದ ದೊರೆ ಅವಳನ್ನು ಹೊತ್ತುಕೊಂಡು ಹೋದ, ತಾಯಿ ಪಂಜು ಹಿಡಿದು ಊರೂರು ಹುಡುಕಿದಳು, ಕೊನೆಗೆ ಸಿಟ್ಟಿನಿಂದ ಪೈರನ್ನೇ ನಿಲ್ಲಿಸಿದಳು, ಹಸಿವಿಗೆ ಹೆದರಿ ದೇವರುಗಳು ಮಗಳನ್ನು ಬಿಡಿಸಿದರು, ಆದರೆ ಅವಳು ಅಲ್ಲಿ ದಾಳಿಂಬೆಯ ಕಾಳು ತಿಂದಿದ್ದರಿಂದ ವರ್ಷದಲ್ಲಿ ಕೆಲವು ತಿಂಗಳು ತಾಯಿಯ ಹತ್ತಿರ, ಕೆಲವು ತಿಂಗಳು ಕೆಳಗೆ.

ಅವರು ಸೆರಗು ಸುತ್ತಿಕೊಂಡರು.

“ಸುಳ್ಳು ಕತೆ ಮೇಷ್ಟ್ರೇ.”

“ಯಾಕೆ ಟೀಚರಮ್ಮ?”

“ಮಗಳು ಓದ್ರೆ ಪೈರು ನಿಂತದಾ? ನೀಲ ಓದ ವರ್ಸ ಒನ್ನೂರು ಬಯಲ್ನಾಗೆ ತೆನೆ ಬಗ್ಗಿ ನೆಲ ಮುಟ್ಟಿತ್ತು. ನಾನೇ ನೋಡ್ದೆ. ತಿಥಿಗೆ ಓಗಿದ್ನಲ್ಲ, ಬೀಗಿತ್ತಿ ಕಣದಾಗೆ ರಾಸಿ ತೋರ್ಸಿ, ‘ಈ ವರ್ಸ ದೇವ್ರು ಕಣ್ಬುಟ್ಟ ಕನವ್ವ’ ಅಂದ್ಲು.”

ಸಿಕ್ಕಿಸಿದ್ದ ಸೆರಗನ್ನು ಸಡಿಲಿಸಿ, “ಆ ದೇಸದ ತಾಯಿಗೆ ನಿಲ್ಸಾಕೆ ಪೈರಾದ್ರೂ ಇತ್ತು,” ಅಂದರು.

ಮರುದಿನ ಸ್ಕೂಲಿಗೆ ಹೋಗುವ ಮುನ್ನ ನನ್ನ ಬಾಗಿಲಲ್ಲಿ ನಿಂತು ಮೊದಲ ಪದ್ಯ ಹೇಳಿದರು:

ಮಣ್ಣೊಳಗೆ ಕುಂತವಳ ಮಣ್ಣಮ್ಮ ಕೊಡಲಿಲ್ಲ
ಬೆಣ್ಣೆಯ ಬಣ್ಣದ ಬತ್ತವ ಕೊಟ್ಟಳು
ಕಣ್ಣು ಸುಡಲೆಂದು ತಾಯಿಯ

ಹೀಗೆ ಆ ಕಾವ್ಯ ಶುರುವಾಯಿತು. ಅದರಲ್ಲಿ ಗ್ರೀಕರ ಹೆಸರು ಒಂದೂ ಇರಲಿಲ್ಲ. ತಾಯಿಗೆ ಪೈರವ್ವ ಎಂದು ಹೆಸರು. ಪಾತಾಳಕ್ಕೆ ಕೆಳಮನೆ ಎನ್ನುತ್ತಿದ್ದರು; ಅಲ್ಲಿ ಎಲ್ಲರೂ ಕೂತೇ ಇರುತ್ತಾರೆ. ಇಷ್ಟು ಬಿಟ್ಟರೆ ಕತೆ ನಾನು ಹೇಳಿದ ದಾರಿಯಲ್ಲೇ ಹೋಗುತ್ತಿತ್ತು, ಅಳಿಯ ಎರಡನೆಯ ಮದುವೆ ಮಾಡಿಕೊಳ್ಳುವವರೆಗೆ.

ಹುಡುಗಿ ಅಜ್ಜೀಪುರದವಳು, ಮಾದೇವಿ. ತಾಯಿ ತಂದೆ ಇಲ್ಲದೆ ಚಿಕ್ಕಪ್ಪನ ಮನೆಯಲ್ಲಿ ಸಗಣಿ ಬಾಚಿ ಬೆಳೆದವಳು. ಎರಡನೆಯವಳಾಗಿ ಬಂದವಳು ಸತ್ತವಳ ತವರಿಗೆ ಮಗಳಾಗಬೇಕು, ಇದು ನಮ್ಮಲ್ಲಿನ ಪದ್ಧತಿ. ಸತ್ತವಳ ರೂಪ ಒತ್ತಿದ ಬೆಳ್ಳಿಯ ಬಿಲ್ಲೆಯೊಂದನ್ನು ಕೊರಳಿಗೆ ಕಟ್ಟಿಕೊಂಡು ಅವಳು ಆ ಮನೆಯ ಹೊಸಿಲು ತುಳಿಯುತ್ತಾಳೆ; ಆ ತಾಯಿ ಅವಳಿಗೆ ಸೀರೆ ಕೊಟ್ಟು, ಸೆರಗಿಗೆ ಮಡಿಲಕ್ಕಿ ಹುಯ್ದು, ‘ಮಗಳೇ’ ಎಂದು ಕರೆಯಬೇಕು. ಅಲ್ಲಿಂದ ಮುಂದೆ ಹಬ್ಬಕ್ಕೆ ಹುಣ್ಣಿಮೆಗೆ, ಆಷಾಢಕ್ಕೆ, ಹೆರಿಗೆಗೆ ಅದೇ ಅವಳ ತವರು. ಸತ್ತವಳ ಸಿಟ್ಟು ತಣಿಯಲಿ ಎಂದು ಹಿರಿಯರು ಮಾಡಿದ್ದಂತೆ. ಬದುಕಿರುವ ತಾಯಿಯ ಸಿಟ್ಟಿನ ಬಗ್ಗೆ ಅವರು ಯೋಚಿಸಿದಂತಿಲ್ಲ.

ಅಳಿಯ ಅವಳನ್ನು ಕರೆತಂದಾಗ ಟೀಚರಮ್ಮ ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಬೀದಿಯೆಲ್ಲ ಕಾಯುತ್ತಿತ್ತು. ಅವರು ಬಾಗಿಲು ತೆರೆದು, ನೀಲನ ಸೀರೆಯನ್ನೇ ಉಡಿಸಿ, “ಬಾ ಮಗಳೇ,” ಅಂದರು. ಹೆಂಗಸರು ಕಣ್ಣೊರೆಸಿಕೊಂಡರು. ನನ್ನ ಹೆಂಡತಿಯೂ. ನನಗೆ ನೆನಪಿರುವುದು ಆ ಧ್ವನಿ: ಹಾಜರಿ ಕೂಗುವ ಧ್ವನಿ ಅದು. ಅಥವಾ ಆಮೇಲೆ ನಡೆದದ್ದರಿಂದ ನನಗೆ ಹಾಗೆ ಕೇಳಿಸುತ್ತಿರಬಹುದು.

ಆಷಾಢಕ್ಕೆ ಮಾದೇವಿ ಬಂದಳು. ಹೊಸ ಸೊಸೆ ಆ ತಿಂಗಳು ಅತ್ತೆಯ ಮನೆಯಲ್ಲಿ ಇರುವಂತಿಲ್ಲವಲ್ಲ. ಬರುವಾಗಲೇ ಬಸುರಿ. ಪ್ರತಿ ಬೆಳಿಗ್ಗೆ ಟೀಚರಮ್ಮ ಅವಳನ್ನು ನಡುಮನೆಯಲ್ಲಿ ನಿಲ್ಲಿಸಿ, ಅವಳ ಕೊರಳ ಬಿಲ್ಲೆಗೆ ಕುಂಕುಮ ಇಟ್ಟು, ಬಿಲ್ಲೆಯ ಜೊತೆ ಎರಡು ಮಾತಾಡಿ, ಸ್ಕೂಲಿಗೆ ಹೋಗುತ್ತಿದ್ದರು. ಗೋಡೆಯ ಮೊಳೆಗೆ ಸಿಕ್ಕಿಸಿದ ಪಟವನ್ನು ಪೂಜಿಸುವಾಗ ನಾವು ಮೊಳೆಯನ್ನು ನೋಡುವುದಿಲ್ಲ. ಅವರೂ ಮಾದೇವಿಯ ಮುಖ ನೋಡುತ್ತಿರಲಿಲ್ಲ.

ಶ್ರಾವಣ ಹುಟ್ಟಿದ ಕೂಡಲೇ ಅಳಿಯ ಕರೆಯಲು ಬಂದ. ಅವನನ್ನು ಜಗಲಿಯಲ್ಲೇ ಕೂರಿಸಿದರು.

“ಗೌರಿ ಅಬ್ಬ ಮುಗೀಲಿ ಅಳಿಯಂದಿರೇ.”

ಹಬ್ಬ ಮುಗಿದ ಮೇಲೆ ಬಂದ. “ದಸರಾ ಮುಗೀಲಿ. ಈಗ ನನಗೆ ಸ್ಕೂಲ್ನಾಗೆ ಕೆಲ್ಸ ಜಾಸ್ತಿ, ಮನೇಲಿ ಅಟ್ಟಿಕ್ಕೋರು ಬೇಕಲ್ಲ.”

ಅವನು ಬೆವರು ಒರೆಸಿಕೊಂಡು, “ಅವ್ವ ಕಳ್ಸಿದ್ರು ಅತ್ತೆ. ನಾಟಿ ಕಾಲ…” ಎಂದ.

“ನಿಮ್ಮವ್ವನ್ಗೆ ಏಳಿ, ಚೊಚ್ಚಲ ಬಾಣಂತನ ತವರಿಂದು ಅಂತ. ಮರ್ತಿರ್ತಾರೆ, ಪಾಪ, ವಯಸ್ಸಾಯ್ತಲ್ಲ.”

ಅವನಿಗೆ ಅರ್ಥವಾಯಿತು. ಎದ್ದು ಹೋದ.

ಆವತ್ತು ಅವರು ನನ್ನ ಜೊತೆ ಸಂತೋಷದಿಂದ ಮಾತಾಡಿದರು. ಹಾಗೆ ಕಂಡದ್ದು ಅದೇ ಮೊದಲು. “ನನಗೂ ನಿಲ್ಸಾಕೆ ಒಂದು ಸಿಕ್ತು ಮೇಷ್ಟ್ರೇ. ಕೂಸಾದ್ಮ್ಯಾಕೂ ಕಳ್ಸಾಕಿಲ್ಲ. ಮೂರು ತಿಂಗ್ಳು ಬಾಣಂತನ, ಆಮ್ಯಾಕೆ ಐದು, ಆಮ್ಯಾಕೆ ಕೂಸಿಗೆ ಉಷಾರಿಲ್ಲ. ತವರು ಕಳ್ಸದೆ ಇದ್ರೆ ಯಾವ ಪಂಚಾಯ್ತಿಯೂ ಕೇಳಾಕಿಲ್ಲ. ಆ ಮನೇಲಿ ಒಲೆ ಮುಂದೆ ಆ ಮುದುಕೀನೇ ಕೂತು ಸಾಯ್ಲಿ.”

“ಆ ಹುಡುಗಿ ಏನು ಮಾಡಿದಳು?” ಎಂದೆ.

“ಏನೂ ಮಾಡಿಲ್ಲ. ನೀಲ ಏನ್ ಮಾಡಿದ್ಲು?”

ಮಾದೇವಿಗೆ ಹೋಗಬೇಕೆಂದು ಆಸೆ. ಇದನ್ನು ಬೀದಿಯಲ್ಲಿ ಯಾರೂ ನಂಬಲಿಲ್ಲ. ಕಟುಕರ ಮನೆಯಿಂದ ಅವಳನ್ನು ಉಳಿಸಿಕೊಂಡಿದ್ದಾರೆಂದೇ ಎಲ್ಲರೂ ಅಂದುಕೊಂಡಿದ್ದರು. ನನ್ನ ಹೆಂಡತಿಯ ಹತ್ತಿರ ಹಿತ್ತಲಲ್ಲಿ ಅವಳು ಹೇಳುತ್ತಿದ್ದಳಂತೆ: “ನಮ್ಮನೆಯವ್ರು ವೊಡ್ಯಾಕಿಲ್ಲ ಕನಕ್ಕಾ. ಚಳೀಗೆ ಅಂತ ನಂಗೇ ಅಂತ ಒಂದು ಕಂಬ್ಳಿ ತಂದವ್ರೆ. ಚಿಕ್ಕಪ್ಪನ ಮನೇಲಿ ಗೋಣಿತಾಟು ಒದ್ಕತಿದ್ದೆ. ಅತ್ತೆ ಬೈತಾಳೆ, ಬೈಲಿ. ಬೈಯ್ಗುಳದ ಜೊತ್ಗೆ ಅನ್ನಾನೂ ಬೀಳ್ತದೆ ಅಲ್ಲಿ.” ಆಮೇಲೆ ಗೋಡೆಯ ಕಡೆ ನೋಡಿ, “ಇಲ್ಲಿ ಅವ್ವ ಬೈಯ್ಯೋದೂ ಇಲ್ಲ,” ಅನ್ನುತ್ತಿದ್ದಳಂತೆ.

ದಸರೆಯಲ್ಲಿ ಕೊಳ್ಳೇಗಾಲದಲ್ಲಿ ನಾಡಹಬ್ಬ. ಮದ್ರಾಸಿನ ಸೆರಗಿನಲ್ಲಿದ್ದೂ ಕನ್ನಡದವರು ನಾವು ಎಂದು ತೋರಿಸಿಕೊಳ್ಳಲು ಅದನ್ನು ಜೋರಾಗಿಯೇ ಮಾಡುತ್ತಾರೆ. ಟೀಚರಮ್ಮನಿಗೂ ಓದಲು ಅವಕಾಶ ಸಿಕ್ಕಿತು. ಮಾದೇವಿ ಹೆಂಗಸರ ಚಾಪೆಯಲ್ಲಿ, ತುಂಬಿದ ಹೊಟ್ಟೆ ಇಟ್ಟುಕೊಂಡು, ಮುಂದುಗಡೆಯೇ ಕೂತಿದ್ದಳು. ಕತೆ ಬದಲಾಗಿರುವುದು ನನಗೆ ಅಲ್ಲಿ ತಿಳಿಯಿತು. ದಾಳಿಂಬೆ ಇಲ್ಲ. ಕೆಳಮನೆಯ ದೊರೆ ಪೈರವ್ವನ ಮಗಳನ್ನು ಬಿಡುವುದೇ ಇಲ್ಲ. ಅವಳ ಸೀರೆ ಉಡಿಸಿ ಬೇರೊಬ್ಬಳನ್ನು ಮೇಲಕ್ಕೆ ಕಳಿಸುತ್ತಾನೆ.

ಕೊಟ್ಟಿದ್ದು ನನ್ನವಳ, ಬಿಟ್ಟಿದ್ದು ಇನ್ನೊಬ್ಬಳ
ಉಟ್ಟ ಸೀರೆಯದು ಅವಳದೇ ಒಳಗಿರುವ
ಹೊಟ್ಟೆ ಯಾರದೋ ಕೆಳದೊರೆಯೆ

ಅಧ್ಯಕ್ಷತೆ ವಹಿಸಿದ್ದ ಪಂಡಿತರು ಎದ್ದು, ಪರದೇಶದ ಕತೆಯ ಆಯ್ಕೆಯನ್ನು ಕ್ಷಮಿಸಬಹುದು, ಆದರೆ ತಾಯಿ ಇಷ್ಟು ಕಠೋರಳಾಗಬಾರದು, ತಾಯಿ ಎಂದರೆ ಕ್ಷಮೆಯಲ್ಲವೇ ಎಂದರು.

ಟೀಚರಮ್ಮ ಸಭೆಯ ಕನ್ನಡದಲ್ಲಿ ಕೇಳಿದರು: “ಪಂಡಿತರಿಗೆ ಮಕ್ಕಳೆಷ್ಟು?”

“ಐವರು.”

“ಐವರೂ ಕ್ಷೇಮವಾಗಿದ್ದಾರಲ್ಲ. ಒಂದು ಹೋಗಲಿ. ಆಮೇಲೆ ಬಂದು ಹೇಳಿ, ತಿದ್ದಿಕೊಳ್ಳುತ್ತೇನೆ.”

ಅವರನ್ನು ಮತ್ತೆ ಯಾರೂ ಓದಲು ಕರೆಯಲಿಲ್ಲ. ಮನೆಗೆ ನಡೆಯುವಾಗ ಮಾದೇವಿ ಹಿಂದಿನಿಂದ, “ಅವ್ವಾ, ಆ ಪದದಾಗೆ ನಾನೂ ಅವ್ನಿ ಅಲ್ವಾ?” ಎಂದು ಕೇಳಿದಳು.

“ಇದ್ದೀಯ.”

“ಚಂದಾಗಿ ಅದೆ,” ಅಂದಳು ಮಾದೇವಿ.

ಅವಳು ಪೆದ್ದಿಯೋ, ಅಥವಾ ಅಲ್ಲಿದ್ದ ನಮ್ಮೆಲ್ಲರಿಗಿಂತ ಗಟ್ಟಿಯೋ, ಆವತ್ತು ನನಗೆ ತಿಳಿಯಲಿಲ್ಲ.

ಪುಷ್ಯದ ಚಳಿಯಲ್ಲಿ ಗಂಡು ಕೂಸು ಹುಟ್ಟಿತು. ಟೀಚರಮ್ಮ ಸೂಲಗಿತ್ತಿಯ ಪಕ್ಕದಲ್ಲೇ ಕೂತು, ಒಂದು ಗಳಿಗೆಯೂ ಅತ್ತಿತ್ತ ಹೋಗದೆ ಹೆರಿಗೆ ಮಾಡಿಸಿದರು. ಕಾರ, ಕಷಾಯ, ಬಿಸಿನೀರು ಒಂದಕ್ಕೂ ಕೊರತೆಯಿಲ್ಲ. ಅದನ್ನು ಪ್ರೀತಿ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಅವರು ಅದನ್ನು ಮಾಡಿದ್ದು ಹೊನ್ನೂರಿನವರಿಗೆ ಇದು ಹೀಗೆ ಆಗಬಹುದಿತ್ತು ಎಂದು ತೋರಿಸಲು. ಅಥವಾ ತಮಗೇ ತೋರಿಸಿಕೊಳ್ಳಲು. ಕೂಸಿನ ಮುಖ ನೋಡಲು ಬಂದ ಅಳಿಯನನ್ನು ಹೊಸಿಲಿನಾಚೆ ನಿಲ್ಲಿಸಿ, “ನಿಮ್ಮೂರ್ನಾಗೆ ಒಂದು ಕೂಸು ಮಣ್ಣಾಗೆ ಅದೆಯಲ್ಲ, ಅದ್ರ ಮೊಕ ನೋಡಿದ್ರಾ?” ಎಂದು ಕೇಳಿದರು. ಅವನು ನೋಡಿರಲಿಲ್ಲ. ಅವನ ತಾಯಿ ನೋಡಗೊಡಲಿಲ್ಲವಂತೆ. “ಅಂಗಾರೆ ಇದ್ನೂ ಬ್ಯಾಡಿ,” ಅಂದರು. ಒಳಗಿನಿಂದ ಮಾದೇವಿ ಕೂಸನ್ನು ಬೇಕೆಂದೇ ಚಿವುಟಿ ಅಳಿಸಿದಳೆಂದು ನನ್ನ ಹೆಂಡತಿ ಹೇಳುತ್ತಾಳೆ, ಅವನು ದನಿಯನ್ನಾದರೂ ಕೇಳಲಿ ಎಂದು.

ಇನ್ನು ಬೆಂಕಿಯ ವಿಷಯ. ಇಲ್ಲಿ ನಾನು ಎಚ್ಚರದಿಂದಿರಬೇಕು.

ಗ್ರೀಕರ ಕತೆಯಲ್ಲಿ ಒಂದು ಭಾಗವಿದೆ. ಮಗಳನ್ನು ಹುಡುಕುತ್ತ ಅಲೆಯುವ ತಾಯಿ ಮುದುಕಿಯ ವೇಷದಲ್ಲಿ ಒಂದು ಮನೆ ಸೇರುತ್ತಾಳೆ. ಅಲ್ಲಿನ ಕೂಸನ್ನು ಸಾಕುತ್ತಾಳೆ. ಅದಕ್ಕೆ ಸಾವೇ ಬಾರದಿರಲಿ ಎಂದು ಯಾರೂ ನೋಡದಾಗ ಬೆಂಕಿಯಲ್ಲಿಟ್ಟು ಕಾಯಿಸುತ್ತಾಳೆ. ಹೆತ್ತವಳು ಕಂಡು ಚೀರುತ್ತಾಳೆ; ಸಿಟ್ಟಿಗೆದ್ದ ದೇವತೆ ಕೂಸನ್ನು ನೆಲಕ್ಕೆ ಹಾಕಿ ಹೊರಟುಹೋಗುತ್ತಾಳೆ. ಇದನ್ನು ನಾನು ಟೀಚರಮ್ಮನಿಗೆ ಹೇಳಿದ್ದೆ. ಯಾವಾಗ ಹೇಳಿದೆ ಎಂಬುದು ನೆನಪಿಲ್ಲ. ಮೊದಲ ಸಂಜೆಯೋ, ನಾಡಹಬ್ಬದ ನಂತರವೋ, ಅಥವಾ ಈಗ ಹೇಳಹೊರಟಿರುವ ಬೆಳಗಿನ ನಂತರವೋ. ಆ ಬೆಳಗಿನ ನಂತರವೇ ಎಂದು ನನ್ನ ಹೆಂಡತಿ ಅನ್ನುತ್ತಾಳೆ. ನನ್ನ ತಲೆಯಲ್ಲಿ ಅದು ಮೊದಲೇ ಇದೆ.

ಕೂಸಿಗೆ ಎರೆದ ಮೇಲೆ ಸಾಂಬ್ರಾಣಿ ಹೊಗೆ ಕೊಡುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಮಡಕೆಯ ಚೂರಿನಲ್ಲಿ ಕೆಂಡ, ಮೇಲೆ ಸಾಂಬ್ರಾಣಿ ಪುಡಿ, ಕೂಸನ್ನು ಅಂಗೈಯಲ್ಲಿ ಬೋರಲು ಹಿಡಿದು ಹೊಗೆಯಲ್ಲಿ ಆಡಿಸುತ್ತಾರೆ. ಆವತ್ತು ಬೆಳಿಗ್ಗೆ ಮಾದೇವಿಯ ಕೂಗು ಗೋಡೆ ದಾಟಿ ಬಂತು. ನಾನು ಓಡಿದೆ. ಟೀಚರಮ್ಮ ಕೂಸನ್ನು ಹಿಡಿದಿದ್ದದ್ದು ಹೊಗೆಯಲ್ಲಲ್ಲ, ಕೆಂಡದ ಹತ್ತಿರ, ಬಹಳ ಹತ್ತಿರ. ಹೀಗೆಂದು ನನಗೆ ಕಾಣುತ್ತದೆ. ನೀರು ತೋಡಿಕೊಡುತ್ತ ಅಲ್ಲೇ ಇದ್ದ ನನ್ನ ಹೆಂಡತಿ, “ದಿನಾ ಹಿಡಿಯೋ ಹಾಗೇ ಹಿಡಿದಿದ್ದರು. ಹುಡುಗಿ ನಿದ್ದೆಗಣ್ಣಿನಲ್ಲಿ ಬೆದರಿದಳು. ನೀವು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು,” ಅನ್ನುತ್ತಾಳೆ. ಕೂಸಿನ ಮೈಮೇಲೆ ಒಂದು ಬೊಬ್ಬೆಯೂ ಇರಲಿಲ್ಲ, ಅದು ನಿಜ.

ಒಂದು ಮಾತ್ರ ನಾವಿಬ್ಬರೂ ಒಪ್ಪುತ್ತೇವೆ. ಟೀಚರಮ್ಮ ಒದ್ದೆ ಕೂಸನ್ನು ಬಚ್ಚಲ ಬದಿಯ ಬರಿಗಲ್ಲಿನ ಮೇಲೆ ಮಲಗಿಸಿ ಎದ್ದುನಿಂತರು.

“ತಕೊ ನಿನ್ನ ಕೂಸ. ಇನ್ನ ಇದೂ ಒಂದಿವ್ಸ ಸಾಯೋದೇ.”

ಆ ವಾರವೇ ಕೇಳಿಸಿದ ಪದ್ಯ ಇದು:

ಕೆಂಡದ ಮೇಲೆತ್ತಿ ಕಂಡೋರ ಕಂದನ
ಗಂಡಾಂತರವೆಲ್ಲ ಸುಡಲೆಂದು ಹಿಡಿದರೆ
ಕಂಡು ಕೂಗಿದಳು ಹೆತ್ತವಳು

“ಕಾಪಾಡಾಕೆ ಹಿಡಿದಿದ್ರೋ, ಸುಡಾಕೋ?” ಎಂದು ನಾನು ಅವರದೇ ಭಾಷೆಯಲ್ಲಿ ಕೇಳಿಬಿಟ್ಟೆ.

“ಪದ್ಯದಾಗೇ ಅದೆಯಲ್ಲ,” ಅಂದರು.

ಮಾದೇವಿ ಕೂಸನ್ನು ಮತ್ತೆ ಅವರ ಕೈಗೆ ಕೊಡಲಿಲ್ಲ. ತಾನೇ ಎರೆದಳು, ತಾನೇ ಹೊಗೆ ಹಾಕಿದಳು. ನನ್ನ ಹೆಂಡತಿಯ ಮೂಲಕ, ಸಂತೆಗೆ ಬಂದಿದ್ದ ಹೊನ್ನೂರಿನವರ ಬಾಯಲ್ಲಿ ಗಂಡನಿಗೆ ಹೇಳಿಕಳಿಸಿದಳು. ಬಾಣಂತನ ಅರ್ಧಕ್ಕೇ ನಿಂತಿತ್ತು. ಅವನು ಗಾಡಿಗೆ ಕಮಾನು ಕಟ್ಟಿ, ಹುಲ್ಲು ಹಾಸಿ, ಕಂಬಳಿ ಹಾಕಿಕೊಂಡು ಬಂದ. ಸ್ಕೂಲಿನ ದಿನ. ಟೀಚರಮ್ಮ ಹೊರಡುವ ಹೊತ್ತಿಗೆ ಗಾಡಿ ಬಾಗಿಲಲ್ಲಿತ್ತು. ನಾನೂ ಹೊರಟು ಜಗಲಿಯಲ್ಲಿ ನಿಂತಿದ್ದೆ.

ಅವರು ಜಗಳವಾಡುತ್ತಾರೆ ಎಂದುಕೊಂಡಿದ್ದೆ. “ಕರಕಂಡೋಗಿ ಅಳಿಯಂದಿರೇ,” ಅಂದರು ಅಷ್ಟೇ.

ಮಾದೇವಿ ಸ್ನಾನ ಮಾಡಿ, ಕೂಸನ್ನು ಹೆಗಲಿಗೆ ಹಾಕಿಕೊಂಡು, ನಡುಮನೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಳು. ಸೆರಗನ್ನು ಮುಂದಕ್ಕೆ ತಂದು ಎರಡು ಕೈಯಲ್ಲಿ ಹಿಡಿದು ಒಡ್ಡಿದಳು.

“ಅವ್ವಾ, ಮಡ್ಲಕ್ಕಿ ಉಯ್ಯಿ. ಓಯ್ತೀನಿ.”

ಟೀಚರಮ್ಮ ಸೆರಗು ಸುತ್ತಿ ಸಿಕ್ಕಿಸಿಕೊಂಡರು.

“ಮಡ್ಲಕ್ಕಿ ನನ್ನ ಮಗಳಿಗೆ. ನನ್ನ ಮಗಳು ನಿಮ್ಮೂರ ಮಣ್ಣಾಗೆ ಕುಂತವ್ಳೆ. ನೀನ್ಯಾರು?”

ಅಳಿಯ ಬಾಗಿಲಲ್ಲೇ ತಲೆ ತಗ್ಗಿಸಿದ. ಮಾದೇವಿ ಕದಲಲಿಲ್ಲ. ಅಳಲೂ ಇಲ್ಲ.

“ಬರಿ ಮಡ್ಲಾಗೆ ಓದ್ರೆ ಇದು ನಂಗೆ ತವ್ರು ಅಲ್ಲ ಅಂತಾಯ್ತದೆ ಕನವ್ವ. ನಂಗೆ ಇನ್ನೊಂದಿಲ್ಲ. ಉಯ್ಯೋಗಂಟ ಏಳಾಕಿಲ್ಲ.”

“ಕೂತ್ಕೊ. ನಿಮ್ಮ ಮನೇಲಿ ಕೂರ್ಸೋದು ಎಲ್ರೂ ಕಲ್ತವ್ರೆ,” ಅಂದು ಅವರು ಕೊಡೆ ತೆಗೆದುಕೊಂಡು ಸ್ಕೂಲಿಗೆ ಹೋದರು.

ಮಧ್ಯಾಹ್ನದ ಕತೆ ನನ್ನ ಹೆಂಡತಿ ಹೇಳಿದ್ದು. ಅಳಿಯ ಎತ್ತು ಬಿಚ್ಚಿ ಹುಣಸೆಮರದ ಕೆಳಗೆ ಕಟ್ಟಿದ. ಎರಡು ಸಲ ಒಳಗೆ ಇಣುಕಿ, “ಬಾ, ಓಗನ. ಅಕ್ಕಿ ನಮ್ಮನೇಲಿ ಇಲ್ವಾ?” ಅಂದ. ಅವಳು, “ನಿಮ್ಮನೆ ಅಕ್ಕಿ ಮಡ್ಲಕ್ಕಿ ಆಗಾಕಿಲ್ಲ, ಸುಮ್ಕಿರಿ,” ಅಂದಳು. ಕೂಸಿಗೆ ಹಾಲು ಕೊಡುವಾಗ ಒಂದು ಕೈ ಬಿಟ್ಟಳು, ಇನ್ನೊಂದು ಕೈಯಲ್ಲಿ ಸೆರಗಿನ ತುದಿ ಹಿಡಿದೇ ಇದ್ದಳು. ನೆರೆಯ ಹೆಂಗಸೊಬ್ಬಳು ಮರುಕದಿಂದ ತನ್ನ ಮನೆಯ ಅಕ್ಕಿ ತಂದಾಗ ಸೆರಗನ್ನು ಮಡಚಿಕೊಂಡು, “ನೀನು ನಮ್ಮವ್ವ ಅಲ್ವಲ್ಲಕ್ಕ,” ಅಂದಳು. ಆಕೆ ಹೋದ ಮೇಲೆ ಮತ್ತೆ ಒಡ್ಡಿದಳು. ಊಟ ಮಾಡಲಿಲ್ಲ. ನನ್ನ ಹೆಂಡತಿ ಕೊಟ್ಟ ಮಜ್ಜಿಗೆಯನ್ನು ಮಾತ್ರ ಕುಡಿದಳು, ಕೂಸಿಗೆ ಹಾಲು ಬತ್ತಬಾರದೆಂದು.

ನಾನು ಸ್ಕೂಲು ಬಿಟ್ಟು ಬರುವಾಗ ಟೀಚರಮ್ಮ ಮುಂದೆ ಹೋಗುತ್ತಿದ್ದರು. ಗಾಡಿ ಅಲ್ಲೇ ಇರುವುದನ್ನು ದೂರದಿಂದಲೇ ಕಂಡಿರಬೇಕು, ನಡಿಗೆ ನಿಧಾನವಾಯಿತು. ಹೊಸಿಲ ಮೇಲೆ ನಿಂತರು. ಒಳಗೆ ಮಾದೇವಿ ಬೆಳಿಗ್ಗೆ ಕೂತಲ್ಲೇ ಕೂತಿದ್ದಳು. ಕೂಸು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಸೆರಗು ಒಡ್ಡಿಯೇ ಇತ್ತು.

ಹೊತ್ತು ಮುಳುಗುವುದರಲ್ಲಿತ್ತು. ದೀಪ ಹಚ್ಚಿದ ಮೇಲೆ ಮನೆಯಿಂದ ಅಕ್ಕಿ ಹೊರಗೆ ಹೋಗುವುದಿಲ್ಲ, ಹೆಣ್ಣುಮಗಳನ್ನೂ ಕಳಿಸುವುದಿಲ್ಲ. ಸ್ಕೂಲಿನಿಂದ ಬಂದ ಕೂಡಲೇ ದೀಪ ಹಚ್ಚುವುದು ಅವರ ರೂಢಿ. ಒಂದು ಕಡ್ಡಿ ಗೀರಿದರೆ ಮಾದೇವಿಯ ತವರು ಅಲ್ಲಿಗೆ ಮುಗಿಯುತ್ತಿತ್ತು. ಅವರು ಗೂಡಿನ ಹತ್ತಿರ ಹೋಗಿ ಬೆಂಕಿಪೊಟ್ಟಣ ಕೈಗೆತ್ತಿಕೊಂಡದ್ದನ್ನು ನಾನು ನೋಡಿದೆ. ಅಳಿಯನೂ ನೋಡಿದ. ಬಹಳ ಹೊತ್ತು ಹಾಗೇ ನಿಂತಿದ್ದರು, ನಮ್ಮ ಕಡೆ ಬೆನ್ನು ಹಾಕಿಕೊಂಡು.

ಆಮೇಲೆ ಪೊಟ್ಟಣವನ್ನು ಗೂಡಿನಲ್ಲಿಟ್ಟು ಒಳಗೆ ಹೋದರು. ಮೊರದಲ್ಲಿ ಅಕ್ಕಿ, ಒಂದು ಅಚ್ಚು ಬೆಲ್ಲ, ಕೊಬ್ಬರಿ, ವೀಳ್ಯದೆಲೆ ತಂದರು. ಮಾದೇವಿಯ ಎದುರು ಕೂತು ಬೊಗಸೆಯಿಂದ ಹುಯ್ಯತೊಡಗಿದರು. ಮಡಿಲು ತುಂಬುವ ತಾಯಿ ಒಂದೊಂದು ಬೊಗಸೆಗೂ ಒಂದೊಂದು ಹರಕೆ ಹೇಳಬೇಕು. ಅವರು ಹೇಳಿದ್ದು ಬೇರೆ. ತಗ್ಗಿದ ದನಿಯಲ್ಲಿ, ಅವಳ ಮುಖವನ್ನು ಮೊದಲ ಸಲ ನೇರವಾಗಿ ನೋಡುತ್ತ:

“ಓಗು. ಆ ಮನೇಲೇ ಸಾಯಿ.”

ಮಾದೇವಿ ಅಕ್ಕಿಯ ಗಂಟು ಬಿಗಿದು, ಸೊಂಟಕ್ಕೆ ಸಿಕ್ಕಿಸಿ, ಕೂಸನ್ನೆತ್ತಿಕೊಂಡು ಎದ್ದಳು. ಕಾಲು ಜೋಮು ಹಿಡಿದು ಗೋಡೆಗೆ ಆತುಕೊಂಡಳು.

“ಊಂ ಕನವ್ವ, ಸಾಯ್ತೀನಿ ಬುಡು,” ಅಂದಳು. “ಗೌರಿ ಅಬ್ಬಕ್ಕೆ ಬತ್ತೀನಿ. ಬಾಗ್ಲು ತಗ್ದಿರು.”